ಪೂತನಿಯನ್ನು ಯಾರೂ ಇಂಟರ್‌ವ್ಯೂ ಮಾಡಲಿಲ್ಲ

ಅಜ್ಜಿ ಹೇಳ್ತಿದ್ದ ಕೃಷ್ಣನ ಕತೆಗಳಲ್ಲಿ ಚಿಕ್ಕಂದಿನಲ್ಲಿ ನನಗೆ ತುಂಬಾ ಭಯ ಹುಟ್ಟಿಸಿದ್ದು ಪೂತನಿಯ ಕತೆ. ಚೆಂದವಾಗಿ ಸಿಂಗರಿಸಿಕೊಂಡು, ಮುಡಿಗೆ ಮಲ್ಲಿಗೆ ಮುಡಿದು ನಂದಗೋಪನ ಮನೆಗೆ ಬರ್ತಾಳೆ. ಸೀದಾ ಒಳಗೆ ಹೋಗಿ ಮಗುವನ್ನು ಎತ್ತಿ ತೊಡೆಯ ಮೇಲೆ ಮಲಗಿಸಿಕೊಳ್ತಾಳೆ. ಯಶೋದೆ, ರೋಹಿಣಿ ಇಬ್ಬರೂ ಅಲ್ಲೇ ಇದ್ದಾರೆ. ಆದರೆ ಅವಳ ರೂಪ, ಠೀವಿ ನೋಡಿ ಬೆರಗಾಗಿ ಸುಮ್ಮನೆ ನಿಂತುಬಿಡ್ತಾರೆ. "ಯಾರಮ್ಮ ನೀನು? ಯಾವೂರು?" ಅಂತ ಒಂದು ಮಾತೂ ಕೇಳಲಿಲ್ಲ! ಮಗು ಕೃಷ್ಣನಾಗಿದ್ದಕ್ಕೆ ಬಚಾವಾಯ್ತು. ನಮ್ಮನಿಮ್ಮ ಮನೆಯ ಮಕ್ಕಳಿಗೆ ಆ ಸೌಲಭ್ಯ ಇಲ್ಲವಲ್ಲ :)

ಈ ಕತೆ ಈಗ ನೆನಪಾಗೋಕೆ ಕಾರಣ ಇದೆ. ನಮ್ಮ ಮಗಳಿಗೆ ಏಳು ತಿಂಗಳು. 2017ರ ತಿದ್ದುಪಡಿಯ ಪುಣ್ಯದಿಂದ ನನ್ನ ಹೆಂಡತಿಗೆ 26 ವಾರ ಹೆರಿಗೆ ರಜೆ ಸಿಕ್ಕಿತ್ತು. ಅದೂ ಮುಗೀತು. ಅಮ್ಮನಿಗೆ ಮಂಡಿನೋವು, ಮಗುವನ್ನು ಎತ್ತಿಕೊಂಡು ಓಡಾಡೋಕೆ ಆಗಲ್ಲ. ಅತ್ತೆ ಸ್ಕೂಲ್ ಟೀಚರ್, ರಿಟೈರ್ ಆಗೋಕೆ ಇನ್ನೂ ಎರಡು ವರ್ಷ. ಹೀಗಾಗಿ ಮಗು ನೋಡಿಕೊಳ್ಳೋಕೆ ಒಬ್ಬರು ಬೇಕು ಅಂತ ಒಂದು ಏಜೆನ್ಸಿಗೆ ಫೋನ್ ಮಾಡಿದೆವು. ಮಾರನೇ ದಿನವೇ ಒಬ್ಬ ಹೆಂಗಸು ಬಂದರು. ಕೈಯಲ್ಲಿ ಆಧಾರ್ ಜೆರಾಕ್ಸು, ಜೊತೆಗೆ ಹಿಂದಿನ ಮನೆಯವರು ಇಂಗ್ಲಿಷಿನಲ್ಲಿ ಕೊಟ್ಟಿದ್ದ ಒಂದು ಪತ್ರ. ಪತ್ರದಲ್ಲಿ ಹೊಗಳಿಕೆಯೋ ಹೊಗಳಿಕೆ. ನಾವು ಪತ್ರ ಓದಿದೆವು, ಖುಷಿಯಾಯ್ತು, "ನಾಳೆಯಿಂದ ಬನ್ನಿ" ಅಂದೆವು. ಅಷ್ಟೇ.

ಮೂರನೇ ದಿನ ನಾನು ರೂಮಿನಲ್ಲಿ ಮೀಟಿಂಗಿನಲ್ಲಿದ್ದೆ. ಹೊರಗೆ ಮಗಳು ಕೆಮ್ಮುವ ಸದ್ದು. ಅದು ಮಾಮೂಲಿ ಕೆಮ್ಮಲ್ಲ. ಓಡಿಬಂದು ನೋಡಿದರೆ ಅಂಗಾತ ಮಲಗಿಸಿ ಬಾಟಲಿ ಹಾಲು ಹಿಡಿದಿದ್ದಾರೆ, ನೆತ್ತಿಗೆ ಹತ್ತಿ, ಮೂಗಿನಲ್ಲೆಲ್ಲ ಹಾಲು ಬರ್ತಿದೆ. ಹೆಂಡತಿ ಮಗುವನ್ನು ಕಿತ್ತುಕೊಂಡು ಬೋರಲು ಹಾಕಿ ಬೆನ್ನು ತಟ್ಟಿದಳು. ಒಂದು ನಿಮಿಷ ಇದ್ದಿರಬಹುದು. ಅಷ್ಟು ಉದ್ದದ ನಿಮಿಷ ನನ್ನ ಜೀವನದಲ್ಲಿ ಇನ್ನೊಂದಿಲ್ಲ. ಮಗು ಜೋರಾಗಿ ಅತ್ತಾಗಲೇ ನಮಗೆ ಉಸಿರು ಬಂದಿದ್ದು. ಆ ಹೆಂಗಸೂ ಗೋಡೆಗೊರಗಿ ಅಳ್ತಾ ಇದ್ದರು. "ಸಾರ್, ನಾನು ಅಡ್ಗೆ ಕೆಲ್ಸ ಅಂದ್ಕೊಂಡ್ ಬಂದೆ. ಎಳೇ ಮಗೀನ ನೋಡ್ಕೊಂಡೇ ಇಲ್ಲ. ಇಲ್ಲಿ ಬಂದ್ಮೇಲೆ ಮಗು ಕೈಗಿಟ್ರಿ..." ಹಾಗಾದರೆ ಆ ಪತ್ರ? ಅದು ಬೇರೆ ಯಾರದ್ದೋ. ಏಜೆನ್ಸಿಯವರು ಲಗತ್ತಿಸಿ ಕಳಿಸಿದ್ದು. ಅದರಲ್ಲಿ ಏನು ಬರೆದಿದೆ ಅಂತ ಆಕೆಗೆ ಗೊತ್ತೂ ಇರಲಿಲ್ಲ.

ತಪ್ಪು ಯಾರದ್ದು? ಏಜೆನ್ಸಿಯದ್ದು ಇದ್ದೇ ಇದೆ. ಆದರೆ "ಎಳೆ ಮಕ್ಕಳನ್ನ ನೋಡ್ಕೊಂಡು ಅಭ್ಯಾಸ ಇದೆಯಾ?" ಅಂತ ಆಕೆಯನ್ನು ನಾವಿಬ್ಬರೂ ಒಂದು ಮಾತು ಕೇಳಿರಲಿಲ್ಲ. ಆಫೀಸಿನಲ್ಲಿ ಒಬ್ಬ ಫ್ರೆಶರ್‌ನ ತಗೊಳ್ಳೋಕೆ ನಾನು ಮೂರು ರೌಂಡ್ ಇಂಟರ್‌ವ್ಯೂ ಮಾಡ್ತೀನಿ. ಅವನು ಬರೆದ ಕೋಡ್ ಕೆಟ್ಟರೆ ರೋಲ್‌ಬ್ಯಾಕ್ ಮಾಡಬಹುದು. ಮಗಳ ವಿಷಯದಲ್ಲಿ ರೋಲ್‌ಬ್ಯಾಕ್ ಇದೆಯಾ?

ಆಮೇಲೆ ಕೆಲವು ರಾತ್ರಿ ನಿದ್ದೆ ಬರಲಿಲ್ಲ. ಮಗುವನ್ನು ಬೇರೆಯವರ ಕೈಗೆ ಕೊಡುವ ಮುಂಚೆ ಹಿಂದಿನವರು ಏನು ವಿಚಾರಿಸ್ತಿದ್ದರು ಅಂತ ಹುಡುಕಿ ಓದ್ತಾ ಕೂತೆ. ಓದಿದ್ದನ್ನು ನಿಮ್ಮ ಜೊತೆ ಹಂಚಿಕೊಳ್ಳೋಣ ಅಂತ ಈ ಬರಹ.

ಮೊದಲು ನಮ್ಮವರದ್ದೇ ನೋಡೋಣ. ಚರಕ ಸಂಹಿತೆಯ ಶಾರೀರಸ್ಥಾನದ ಎಂಟನೇ ಅಧ್ಯಾಯದಲ್ಲಿ ಧಾತ್ರಿ, ಅಂದರೆ ಹಾಲೂಡಿಸುವ ದಾದಿಯನ್ನು ಆರಿಸುವ ವಿಚಾರ ಬರುತ್ತೆ. ಅದೊಂದು ದೊಡ್ಡ ಚೆಕ್‌ಲಿಸ್ಟ್! ಪ್ರಾಯದವಳಾಗಿರಬೇಕು, ರೋಗ ಇರಬಾರದು, ದುಶ್ಚಟ ಇರಬಾರದು, ಅದೇ ಸೀಮೆಯವಳಾಗಿರಬೇಕು, ಅವಳ ಮಗು ಬದುಕಿರಬೇಕು, ಮಕ್ಕಳ ಮೇಲೆ ಅಕ್ಕರೆ ಇರಬೇಕು, ಮೈಮರೆಯುವವಳಾಗಿರಬಾರದು, ಶುಚಿಯಾಗಿರಬೇಕು. ಆ ಕಾಲದ ರೂಢಿಯಂತೆ ಅದೇ ವರ್ಣದವಳಾಗಿರಬೇಕು ಅಂತಲೂ ಇದೆ. ಹಾಲಿಗೂ ಪರೀಕ್ಷೆ ಉಂಟು. ನೀರಿನ ಪಾತ್ರೆಗೆ ಹಿಂಡಿದರೆ ಪೂರ್ತಿ ಬೆರೆತುಹೋಗಬೇಕು.

ಅತ್ತ ರೋಮ್‌ನಲ್ಲಿ ಕ್ರಿಸ್ತಶಕ 2ನೇ ಶತಮಾನದ ಆರಂಭದಲ್ಲಿ ಸೊರಾನಸ್ ಎಂಬ ವೈದ್ಯನಿದ್ದ. ಎಫೆಸಸ್ ಊರಿನವನು, ಸ್ತ್ರೀರೋಗಗಳ ಬಗ್ಗೆ ಹೆಸರಾಂತ ಗ್ರಂಥ ಬರೆದವನು. ಅವನದ್ದೂ ಇಂಥದ್ದೇ ಪಟ್ಟಿ. ದಾದಿಗೆ 20ರಿಂದ 40 ವರ್ಷ ವಯಸ್ಸಿರಬೇಕು, ಎರಡು ಮೂರು ಹೆರಿಗೆ ಆಗಿರಬೇಕು, ಸಿಡುಕಿಯಾಗಿರಬಾರದು, ಮಗು ಒಳ್ಳೆಯ ಭಾಷೆ ಕಲಿಯೋ ಹಾಗೆ ಗ್ರೀಕಳಾಗಿರಬೇಕು. ಹಾಲಿನ ಹನಿಯನ್ನು ಉಗುರಿನ ಮೇಲೆ ಬಿಟ್ಟು ನೋಡಬೇಕಂತೆ. ನೀರಿನ ಹಾಗೆ ಥಟ್ಟನೆ ಹರಿಯಬಾರದು, ಜೇನಿನ ಹಾಗೆ ಅಂಟಿಕೊಂಡೂ ಕೂರಬಾರದು. ಸಾವಿರಾರು ಮೈಲಿ ದೂರದ ಎರಡು ನಾಡಿನ ವೈದ್ಯರಿಗೆ ಒಂದೇ ಚಿಂತೆ ನೋಡಿ.

ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಹೊಳೆದಿದ್ದು ಒಂದು ವಿಷಯ. ಇಲ್ಲಿ ದಾದಿಯ ಮೈ ನೋಡ್ತಾರೆ, ಹಾಲು ನೋಡ್ತಾರೆ, ನಡತೆ ಗಮನಿಸ್ತಾರೆ. ಅವಳನ್ನು ಕೂರಿಸಿ ಇಂತಿಂಥದ್ದು ಕೇಳಿ ಅಂತ ಮಾತ್ರ ಇಲ್ಲ. ಅವಳು ಪರೀಕ್ಷೆಯ ವಸ್ತು. ಮಾತಾಡುವವಳಲ್ಲ.

ಈಗ ಇಂಗ್ಲೆಂಡಿಗೆ ಬರೋಣ. ಅಲ್ಲಿ ಕೆಲಸದವರನ್ನು ಗೊತ್ತುಮಾಡಿಕೊಳ್ಳಲು ಜಾತ್ರೆಗಳೇ ನಡೀತಿದ್ದವು. ಕೆಲಸ ಬೇಕಾದವರು ಸಾಲಾಗಿ ನಿಲ್ಲಬೇಕು. ಕುರಿ ಕಾಯುವವನ ಕೈಯಲ್ಲಿ ಉಣ್ಣೆಯ ಎಳೆ, ಮನೆಗೆಲಸದವಳ ಕೈಯಲ್ಲಿ ನೆಲ ಒರೆಸುವ ಮಾಪು. ಅದಕ್ಕೇ ಅವಕ್ಕೆ 'ಮಾಪ್ ಫೇರ್' ಅಂತಲೇ ಹೆಸರು ಬಿತ್ತು. ಒಪ್ಪಿಗೆಯಾದರೆ ಕೈಗೊಂದು ನಾಣ್ಯ, ನಮ್ಮಲ್ಲಿ ಸಂಚಕಾರ ಕೊಡ್ತೀವಲ್ಲ ಹಾಗೆ. ಊರು ಬೆಳೆದು ಲಂಡನ್ ಮಹಾನಗರ ಆದಮೇಲೆ ಇದು ಸಾಲಲಿಲ್ಲ. 1750ರಲ್ಲಿ ಕಾದಂಬರಿಕಾರ ಹೆನ್ರಿ ಫೀಲ್ಡಿಂಗ್ ಮತ್ತು ಅವನ ಮಲತಮ್ಮ ಜಾನ್ ಸೇರಿ ಲಂಡನ್ನಿನ ಸ್ಟ್ರಾಂಡ್ ಬೀದಿಯಲ್ಲಿ ಯೂನಿವರ್ಸಲ್ ರಿಜಿಸ್ಟರ್ ಆಫೀಸ್ ಅಂತ ತೆರೆದರು. ಕೆಲಸ ಬೇಕಾದವರ ಹೆಸರು, ಕೆಲಸದವರು ಬೇಕಾದವರ ಹೆಸರು ಎರಡೂ ಅಲ್ಲಿ ನೋಂದಣಿ. ಇವತ್ತಿನ ಏಜೆನ್ಸಿಗಳ ಮುತ್ತಜ್ಜ ಅನ್ನಬಹುದು.

ಅಪರಿಚಿತರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಕಾದಾಗ ನಂಬಿಕೆಗೆ ಏನಾದರೂ ಬೇಕಲ್ಲ? ಆಗ ಮಹತ್ವ ಬಂದಿದ್ದು 'ಕ್ಯಾರೆಕ್ಟರ್'ಗೆ. ಹಿಂದಿನ ಯಜಮಾನ ಅಥವಾ ಯಜಮಾನಿ ಕೊಡುವ ನಡತೆ ಪತ್ರ. ಅದಿಲ್ಲದೆ ಒಳ್ಳೆ ಮನೆಯಲ್ಲಿ ಕೆಲಸ ಸಿಗೋದು ಕಷ್ಟ. ಆದರೆ ಯಜಮಾನ ಅದನ್ನು ಕೊಡಲೇಬೇಕು ಅಂತ ಕಾನೂನು ಇರಲಿಲ್ಲ. ಕೋಪ ಬಂದರೆ ಕೊಡದೇ ಕಳಿಸಬಹುದು. ಒಂದು ಕಾಗದಕ್ಕೆ ಅಷ್ಟು ಬೆಲೆ ಬಂದರೆ ನಕಲಿ ಹುಟ್ಟದೇ ಇರುತ್ತಾ? ಹುಟ್ಟಿತು. 1792ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಇದಕ್ಕಾಗಿಯೇ ಕಾನೂನು ಮಾಡಬೇಕಾಯ್ತು. ಸುಳ್ಳು ನಡತೆ ಪತ್ರ ಕೊಡುವುದು, ಯಜಮಾನನ ವೇಷ ಹಾಕಿ ಶಿಫಾರಸು ಹೇಳುವುದು ಅಪರಾಧ, 20 ಪೌಂಡ್ ದಂಡ. ನನ್ನ ಕೈಗೆ ಬಂದ ಜೆರಾಕ್ಸ್ ಪತ್ರದ ವಂಶವೃಕ್ಷ ಅಷ್ಟು ಹಳೆಯದು ಅಂತ ಗೊತ್ತಾದಾಗ ನಗು ಬಂತು. ಸ್ವಲ್ಪ ಸಮಾಧಾನವೂ ಆಯ್ತು.

ಈ ತೊಂದರೆಗೆ ಪರಿಹಾರ ಹೇಳಿದವರಲ್ಲಿ ಒಬ್ಬಳು ಇಸಬೆಲ್ಲಾ ಬೀಟನ್. 1861ರಲ್ಲಿ ಪುಸ್ತಕವಾಗಿ ಬಂದ ಆಕೆಯ ಗೃಹನಿರ್ವಹಣೆಯ ಕೈಪಿಡಿ ಇಂಗ್ಲೆಂಡಿನ ಮನೆಮನೆಯಲ್ಲೂ ಇತ್ತಂತೆ. ಅದನ್ನು ಬರೆದವಳು ಯಾರೋ ಅನುಭವಿ ಅಜ್ಜಿ ಅಂದುಕೊಂಡಿದ್ದೆ. ಬರೆಯಲು ಶುರುಮಾಡಿದಾಗ ಆಕೆಗೆ 21 ವರ್ಷ. 1865ರಲ್ಲಿ ಹೆರಿಗೆಯ ನಂತರ ತೀರಿಕೊಂಡಾಗ 28. ಹೆಚ್ಚೂಕಡಿಮೆ ನನ್ನ ಈಗಿನ ವಯಸ್ಸು! ಗುರುತಿಲ್ಲದವರು ಬರೆದ ಪತ್ರವನ್ನು ನಂಬಿಕೊಳ್ಳಬೇಡಿ, ಸಾಧ್ಯವಾದರೆ ಹಿಂದಿನ ಯಜಮಾನಿಯನ್ನು ಖುದ್ದಾಗಿ ಕಂಡು ಮಾತಾಡಿ ಅನ್ನೋದು ಆಕೆಯ ಸಲಹೆ. ಹೋದಾಗ ಆ ಯಜಮಾನಿಯ ಮನೆ ಹೇಗಿದೆ ಅಂತಲೂ ಕಣ್ಣಾಡಿಸಿ. ಮನೆಯವಳೇ ಕೊಳಕಾಗಿದ್ದರೆ ಕೆಲಸದವಳು ಅಲ್ಲಿ ಕಲಿತಿರೋದು ಏನು ಅಂತ ಗೊತ್ತಾಗುತ್ತಲ್ಲ! ಹೊಸದಾಗಿ ಬರುವವಳಿಗೆ ಮಾಡಬೇಕಾದ ಕೆಲಸವೆಲ್ಲ ಮೊದಲೇ ತಿಳಿಸಿ, ನೀವು ಇಟ್ಟುಕೊಳ್ಳಲು ಒಪ್ಪದವಳನ್ನು ಇನ್ನೊಬ್ಬರಿಗೆ ಶಿಫಾರಸು ಮಾಡಬೇಡಿ ಅಂತಲೂ ಹೇಳ್ತಾಳೆ. ಅಂತೂ ಇಂಟರ್‌ವ್ಯೂ ಬಂತು. ಆದರೆ ಯಾರ ಇಂಟರ್‌ವ್ಯೂ? ಹಳೇ ಯಜಮಾನಿಯದ್ದು! ಮಗುವನ್ನು ಎತ್ತಿಕೊಳ್ಳಬೇಕಾದವಳ ಮಾತಿಗೆ ಅಲ್ಲೂ ಹೆಚ್ಚು ಬೆಲೆಯಿಲ್ಲ. 1892ರಲ್ಲಿ ಎಮಿಲಿ ವಾರ್ಡ್ ಎಂಬಾಕೆ ಲಂಡನ್ನಿನಲ್ಲಿ ನಾರ್ಲ್ಯಾಂಡ್ ಇನ್‌ಸ್ಟಿಟ್ಯೂಟ್ ಶುರುಮಾಡಿದಾಗ ಮಕ್ಕಳನ್ನು ನೋಡಿಕೊಳ್ಳೋದೂ ಒಂದು ವಿದ್ಯೆ, ಅದಕ್ಕೂ ತರಬೇತಿ ಬೇಕು ಅನ್ನೋ ಮಾತಿಗೆ ಬಲ ಬಂತು. ಆ ಸಂಸ್ಥೆ ಈಗಲೂ ಬಾತ್ ನಗರದಲ್ಲಿದೆ.

ಇಂಗ್ಲಿಷರು ಇದೇ ಪದ್ಧತಿಯನ್ನು ನಮ್ಮಲ್ಲಿಗೂ ತಂದರು. ಅಂದಹಾಗೆ, ಅಂಗನವಾಡಿಯಿಂದ ಆಸ್ಪತ್ರೆವರೆಗೆ ನಾವು ದಿನಾ ಬಳಸುವ 'ಆಯಾ' ಅನ್ನೋ ಪದ ಪೋರ್ಚುಗೀಸಿನ 'ಆಯಿಯಾ'ದಿಂದ ಬಂದಿದ್ದು. ಅದಕ್ಕೆ ಪ್ರತಿಯಾಗಿ ನಮ್ಮ ಕಡೆಯಿಂದ ಇಂಗ್ಲಿಷಿಗೆ ಹೋದ ಪದ 'ಚಿಟ್'. 1886ರ ಹಾಬ್ಸನ್-ಜಾಬ್ಸನ್ ನಿಘಂಟು ಇದನ್ನು 'ಚಿಟ್ಠಿ'ಯಿಂದ ಬಂದದ್ದು ಅನ್ನುತ್ತೆ. ನಮ್ಮ 'ಚೀಟಿ'ಯ ನೆಂಟ. ಕೆಲಸದವರಿಗೆ ಕೊಡುವ ನಡತೆ ಪತ್ರ ಅನ್ನೋದೂ ಅದಕ್ಕಿದ್ದ ಅರ್ಥಗಳಲ್ಲೊಂದು. ದಂಡಿನ ಊರುಗಳಲ್ಲಿ ಆಯಾ, ಬಟ್ಲರ್, ಬೇರರ್‌ಗಳು ಇಂಥ ಚೀಟಿಗಳ ಕಟ್ಟನ್ನು ಜೋಪಾನವಾಗಿ ಇಟ್ಟುಕೊಂಡಿರ್ತಿದ್ದರು. 1809ರಲ್ಲಿ ಶುರುವಾದ ನಮ್ಮ ಬೆಂಗಳೂರು ಕಂಟೋನ್ಮೆಂಟೂ ಅಂಥದ್ದೇ ಒಂದು ದಂಡಿನ ಊರು. ಚೀಟಿಯಲ್ಲಿ ಏನಿದೆ ಅಂತ ಓದಲು ಬಾರದೆ, ಬೈದು ಬರೆದಿದ್ದನ್ನೂ ಹೆಮ್ಮೆಯಿಂದ ತೋರಿಸುವವರ ಕತೆಗಳು ಬಿಳಿಯರ ಕ್ಲಬ್ಬುಗಳಲ್ಲಿ ತಮಾಷೆಯ ವಸ್ತು. ನನಗ್ಯಾಕೋ ನಗು ಬರಲಿಲ್ಲ. ನಮ್ಮ ಮನೆಗೆ ಬಂದಿದ್ದ ಹೆಂಗಸಿನ ಕೈಯಲ್ಲಿದ್ದ ಇಂಗ್ಲಿಷ್ ಪತ್ರ ಕಣ್ಮುಂದೆ ಬಂತು.

ಈ ಆಯಾಗಳ ಕತೆ ಇಲ್ಲಿಗೇ ಮುಗಿಯಲ್ಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆದಮೇಲೆ ಇಂಗ್ಲೆಂಡಿಗೆ ಓಡಾಟ ಸುಲಭವಾಯ್ತು. ಹಡಗಿನಲ್ಲಿ ಮಕ್ಕಳನ್ನು ನೋಡಿಕೊಳ್ಳೋಕೆ ಅಂತ ಆಯಾಗಳನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಕೆಲವರಿಗೆ ಅದೇ ವೃತ್ತಿ. ಮಿಸೆಸ್ ಪರೇರಾ ಎಂಬ ಆಯಾ 54 ಸಲ ಈ ಪ್ರಯಾಣ ಮಾಡಿದ್ದಳಂತೆ! ಆದರೆ ಲಂಡನ್ ತಲುಪಿದ ಮೇಲೆ ಅನೇಕರ ಕೆಲಸ ಮುಗೀತು. ವಾಪಸ್ ಟಿಕೆಟ್ ಕೊಡಿಸ್ತೀವಿ ಅಂದ ಬಾಯಿಮಾತನ್ನು ಕೆಲವರು ಉಳಿಸಿಕೊಂಡರು, ಕೆಲವರು ಇಲ್ಲ. 1908ರಲ್ಲಿ ಒಬ್ಬ ಆಯಾಳ ಕೈಗೆ ಒಂದು ಪೌಂಡ್ ಇಟ್ಟು ಕಿಂಗ್ಸ್ ಕ್ರಾಸ್ ಸ್ಟೇಷನ್ನಿನಲ್ಲಿ ಬಿಟ್ಟುಹೋದ ಪ್ರಕರಣ ಸರ್ಕಾರಿ ದಾಖಲೆಯಲ್ಲೇ ಇದೆ. ತಿಂಗಳುಗಟ್ಟಲೆ ತಮ್ಮ ಮಕ್ಕಳನ್ನು ಎತ್ತಿ ಆಡಿಸಿದವಳನ್ನು ಹೀಗೆ ರೈಲ್ವೆ ಸ್ಟೇಷನ್ನಿನಲ್ಲಿ ಬಿಟ್ಟುಹೋಗೋಕೆ ಮನಸ್ಸಾದರೂ ಹೇಗೆ ಬಂತೋ...

ಇಂಥವರಿಗೆ ಅಂತ ಲಂಡನ್ನಿನಲ್ಲಿ ಒಂದು 'ಆಯಾಗಳ ಮನೆ' ಇತ್ತು. ಮೊದಲು ಆಲ್ಡ್‌ಗೇಟ್‌ನಲ್ಲಿ. 1900ರಲ್ಲಿ ಲಂಡನ್ ಸಿಟಿ ಮಿಷನ್‌ನವರು ಅದನ್ನು ಹ್ಯಾಕ್ನಿಯ ಕಿಂಗ್ ಎಡ್ವರ್ಡ್ಸ್ ರಸ್ತೆಯ 26ನೇ ನಂಬರಿಗೆ, 1921ರಲ್ಲಿ ಅದೇ ರಸ್ತೆಯ 4ನೇ ನಂಬರಿಗೆ ಬದಲಾಯಿಸಿದರು. ವಾಪಸ್ ಟಿಕೆಟ್ ಇದ್ದ ಆಯಾಳ ಟಿಕೆಟ್ಟನ್ನು ಆ ಮನೆಯ ಮೇಟ್ರನ್ ಬಳಿ ಕೊಡ್ತಿದ್ದರು. ಇಂಡಿಯಾಕ್ಕೆ ಹೊರಟ, ಆಯಾ ಬೇಕಾದ ಇನ್ನೊಂದು ಕುಟುಂಬ ಆ ಟಿಕೆಟ್ ಕೊಂಡುಕೊಂಡು ಆಕೆಯನ್ನು ಕರೆದೊಯ್ಯುತ್ತಿತ್ತು. ಅಲ್ಲೂ ಕುಟುಂಬದವರು ಆಯಾಳನ್ನು ಆರಿಸ್ತಿದ್ದರೇ ಹೊರತು ಆಯಾ ಕುಟುಂಬವನ್ನು ಆರಿಸುವ ಮಾತೆಲ್ಲಿ ಬಂತು? ಎಷ್ಟೋ ವರ್ಷ ಮರೆತುಹೋಗಿದ್ದ ಈ ಮನೆಗಾಗಿ ಫರ್ಹಾನಾ ಮಮೂಜಿ ಎಂಬಾಕೆ ಹಟಹಿಡಿದು ಓಡಾಡಿದ್ದರಿಂದ 2022ರ ಜೂನ್‌ನಲ್ಲಿ 26ನೇ ನಂಬರಿನ ಗೋಡೆಗೆ ಇಂಗ್ಲಿಷ್ ಹೆರಿಟೇಜ್‌ನ ನೀಲಿ ಫಲಕ ಬಂತು. ಲಂಡನ್ನಿನಲ್ಲಿರೋ ಗೆಳೆಯರು ಆ ಕಡೆ ಹೋದಾಗ ಒಂದು ನಿಮಿಷ ನಿಂತು ನೋಡಿ.

ಆ ಆಯಾಗಳು ಹೊರಡುವ ಮುಂಚೆ ಕೇಳಬೇಕಾಗಿದ್ದ ಪ್ರಶ್ನೆ ಒಂದೇ ಒಂದು. "ನನ್ನ ವಾಪಸ್ ಟಿಕೆಟ್ ಎಲ್ಲಿ, ತೋರಿಸಿ." ಕೆಲವರು ಕೇಳಿರಲೂಬಹುದು. ಆದರೆ ಬರವಣಿಗೆಯಲ್ಲಿ ಏನೂ ಇಲ್ಲದಿದ್ದರೆ ಯಾರನ್ನು ಹಿಡಿದು ಕೇಳೋದು? ಇಂಟರ್‌ವ್ಯೂ ಅಂದರೆ ಒಂದು ಕಡೆಯವರು ಮಾತ್ರ ಕೇಳೋದಲ್ಲ ಅಂತ ನನಗೆ ಸರಿಯಾಗಿ ತಿಳಿದಿದ್ದು ಇಲ್ಲೇ.

ಈಗಿನ ಕಾಲಕ್ಕೆ ಬಂದರೆ ಕಾಗದಗಳೇನೋ ಹೆಚ್ಚಾಗಿವೆ. 2004ರಲ್ಲಿ ಕರ್ನಾಟಕ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಮಾಡಿತು. ಈ ವಿಷಯದಲ್ಲಿ ದೇಶದಲ್ಲೇ ಮುಂದಿದ್ದವರು ನಾವು. 2006ರ ಅಕ್ಟೋಬರ್‌ನಿಂದ 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳೋದು ನಿಷೇಧ. 2011ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಗೆಲಸದವರ ಹಕ್ಕುಗಳಿಗಾಗಿ 189ನೇ ಒಪ್ಪಂದ ಮಾಡಿತು. ಕೆಲಸ ಏನು, ಸಂಬಳ ಎಷ್ಟು, ರಜೆ ಎಷ್ಟು ಅಂತ ಆಕೆಗೆ ಅರ್ಥವಾಗುವ ಹಾಗೆ ಮೊದಲೇ ತಿಳಿಸಬೇಕು ಅನ್ನೋದು ಅದರಲ್ಲಿದೆ. 2025ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟು ಮನೆಗೆಲಸದವರಿಗೆ ಪ್ರತ್ಯೇಕ ಕಾನೂನು ಬೇಕೇ ಅಂತ ನೋಡಲು ಸಮಿತಿ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಪೊಲೀಸ್ ವೆರಿಫಿಕೇಷನ್, ಆಧಾರ್, ಆಪ್‌ನಲ್ಲಿ ಸ್ಟಾರ್ ರೇಟಿಂಗ್ ಎಲ್ಲ ಇವೆ. ಇವೆಲ್ಲ ಬೇಕು, ಬೇಡ ಅನ್ನಲ್ಲ. ಆದರೆ ಇವೂ ಒಂಥರಾ ಹಳೇ ಚೀಟಿಯ ಮೊಮ್ಮಕ್ಕಳೇ. ಆಕೆ ಕಳ್ಳಿಯಲ್ಲ ಅಂತ ಹೇಳಬಹುದು. ಮಗುವಿಗೆ ಹಾಲು ಕುಡಿಸುವಾಗ ತಲೆ ಎತ್ತಿ ಹಿಡೀತಾಳಾ ಅಂತ ಹೇಳೋದಿಲ್ಲ.

ಎರಡನೇ ಸಲ ನಾವು ಕೂತು ಮಾತಾಡಿದೆವು. ಪಕ್ಕದ ಬೀದಿಯ ಅಜ್ಜಿಯೊಬ್ಬರು ಹೇಳಿ ಕಳಿಸಿದ್ದ, ಚನ್ನಪಟ್ಟಣದ ಕಡೆಯ ಹೆಂಗಸು. ನಾನು ಎಕ್ಸೆಲ್ ಶೀಟಿನಲ್ಲಿ 18 ಪ್ರಶ್ನೆ ರೆಡಿ ಮಾಡಿಕೊಂಡಿದ್ದೆ (ನಗಬೇಡಿ!). ಅಮ್ಮ ಅದನ್ನು ನೋಡಿ "ಮೊದ್ಲು ಕಾಫಿ ಕೊಡ್ರೋ" ಅಂದರು. ಕಾಫಿ ಕುಡಿದಾದ ಮೇಲೆ ಅಮ್ಮ ಕೇಳಿದ್ದು ಒಂದೇ. "ಮಗು ಒಂದೇ ಸಮ ಅತ್ರೆ ಮೊದ್ಲು ಏನ್ ನೋಡ್ತೀಯಮ್ಮ?"

"ಒದ್ದೆ ಮಾಡ್ಕಂಡೈತಾ ನೋಡ್ತೀನಿ. ಆಮೇಲೆ ಹೊಟ್ಟೆ ಹಸ್ದೈತಾ ಅಂತ. ಅದೂ ಇಲ್ಲ ಅಂದ್ರೆ ಬಟ್ಟೆ ಬಿಚ್ಚಿ ಇರುವೆ ಗಿರುವೆ ಕಚ್ಚೈತಾ ನೋಡ್ತೀನಿ. ಮೈ ಬಿಸಿ ಇದ್ರೆ ನಿಮ್ಗೆ ಫೋನ್ ಮಾಡ್ತೀನಿ."

ಅಮ್ಮ ನನ್ನ ಮುಖ ನೋಡಿ ತಲೆಯಾಡಿಸಿದರು. ನನ್ನ 18 ಪ್ರಶ್ನೆಗಳಲ್ಲಿ 12 ಅಲ್ಲೇ ಖಾಲಿ. ಸಂಬಳ, ಸಮಯ, ವಾರದ ರಜೆ, ಹಬ್ಬದ ರಜೆ ಮಾತಾಡಿದೆವು. ಕೊನೆಗೆ ಆಫೀಸಿನ ಅಭ್ಯಾಸಬಲದಿಂದ "ನೀವೇನಾದ್ರೂ ಕೇಳೋದಿದ್ರೆ ಕೇಳಿ ಅಕ್ಕ" ಅಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು.

"ಮಗೀಗೆ ಏನಾರ ಏಟ್ ಬಿದ್ರೆ ನಿಮ್ಗೆ ಹೇಳ್ಬೋದಾ ಸಾರ್? ಹಿಂದ್ಲ ಮನೇಲಿ ಹೇಳಿದ್ಕೇ ಬಿಡ್ಸುದ್ರು."

ನಮಗೆ ಏನು ಹೇಳಬೇಕೋ ತೋಚಲಿಲ್ಲ. ಹಿಂದಿನ ಮನೆಯಲ್ಲಿ ಮಗು ನಡೆಯೋಕೆ ಹೋಗಿ ಬಿದ್ದು ತುಟಿ ಒಡೆದುಕೊಂಡಿತ್ತಂತೆ. ಈಕೆ ಮುಚ್ಚಿಡದೆ ಹೇಳಿದ್ದಕ್ಕೆ ಮಾರನೇ ದಿನ ಕೆಲಸ ಹೋಯ್ತು. ಮಿಸೆಸ್ ಬೀಟನ್ ಮಾತಿನಂತೆ ಆ ಮನೆಗೂ ಫೋನ್ ಮಾಡಿದೆ. "ಕೆಲಸ ಪರವಾಗಿಲ್ಲ, ಬಾಯಿ ಜಾಸ್ತಿ" ಅಂದರು. ಬರೀ ಆ ಪತ್ರ, ಆ ಫೋನ್ ನಂಬಿಕೊಂಡಿದ್ದರೆ ಈಕೆಯನ್ನು ನಾವು ಬೇಡ ಅಂತಿದ್ದೆವು. ಮೊದಲನೆಯವರನ್ನು ಪತ್ರ ನಂಬಿ ಇಟ್ಟುಕೊಂಡೆವು, ಇವರನ್ನು ಪತ್ರ ನಂಬಿ ಕಳಕೊಳ್ತಿದ್ದೆವು.

ನಾನು ಆಕೆಗೆ ಹೇಳಿದ್ದಿಷ್ಟು. "ಏಟು ಬಿದ್ದರೆ ಮೊದಲು ಹೇಳೋದು ನಮಗೇ. ಹೇಳಿದ್ದಕ್ಕೆ ಯಾವತ್ತೂ ಬಿಡಿಸಲ್ಲ." ಆಫೀಸಿನಲ್ಲಿ ಬಗ್ ಇದೆ ಅಂತ ಹೇಳಿದವನನ್ನು ಬೈಯ್ಯೋ ಮ್ಯಾನೇಜರ್ ಇದ್ದರೆ ಎಲ್ಲರೂ ಬಗ್ ಮುಚ್ಚಿಡ್ತಾರೆ ಅನ್ನೋದು ನಮಗೆಲ್ಲ ಗೊತ್ತಿರೋದೇ. ಮನೆಗೆ ಬಂದಾಗ ಯಾಕೆ ಮರೆತುಹೋಗುತ್ತೋ.

ಕಳೆದ ವಾರ ಆಫೀಸಿನಲ್ಲಿದ್ದಾಗ ಫೋನ್ ಬಂತು. "ಸಾರ್, ಪಾಪು ಮಂಚದ ಕಾಲಿಗೆ ಹಣೆ ಬಡ್ಕಂಡ್ಲು. ಚೂರು ಊದ್ಕಂಡೈತೆ, ಐಸ್ ಇಟ್ಟಿವ್ನಿ. ಈಗ ಆಡ್ಕತಾವ್ಳೆ." ಎದೆ ಧಸಕ್ ಅಂದಿದ್ದು ನಿಜ. ಆದರೂ "ಹೇಳಿದ್ದು ಒಳ್ಳೇದಾಯ್ತು ಅಕ್ಕ" ಅಂದೆ. ಸಂಜೆ ಮನೆಗೆ ಹೋದರೆ ಹಣೆಯ ಮೇಲೆ ಕಡಲೆಕಾಳಿನಷ್ಟು ಗುಬುಟು, ಮುಖದ ತುಂಬ ನಗು.

ನಿಮ್ಮ ಮನೆಗಳಲ್ಲಿ ಮಗು ನೋಡಿಕೊಳ್ಳೋಕೆ ಬಂದವರನ್ನ ಮೊದಲ ದಿನ ಏನು ಕೇಳಿದಿರಿ? ಅವರು ನಿಮ್ಮನ್ನ ಏನು ಕೇಳಿದರು? ನೆನಪಿದ್ದರೆ ಹೇಳಿ. ಮುಂದೆ ಬೇಕಾಗುವವರಿಗೆ ಉಪಯೋಗವಾಗಲಿ.